ಕಿಡಕಿ ಸೀಟಿಗೆ ಗುರಿ

ಮಹಾಲಿಂಗಪುರ ಬಸ್ ಸ್ಟ್ಯಾಂಡಿನಲ್ಲಿ ನಾನು ಜಮಖಂಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ, ಪಿಸ್ತೂಲ್ ಸ್ಪರ್ಧೆ ಮುಗಿಸಿ ಬಂದ ನಮ್ಮ ಓಣಿಯ ಅಕ್ಷತಾ ಮತ್ತು ಅವಳನ್ನು ಕರೆದೊಯ್ಯಲು ಬಂದ ಸೋದರತ್ತೆ ಇಂದ್ರವ್ವ ಕೂತಿದ್ದರು.

“ಗುಂಡು ಎಲ್ಲಾ ನಟ್ಟನಡುವ ಬಿದ್ದಾವು ಅಂತಿ. ಮತ್ತ ಕಡೀ ನಂಬರ್ ಹ್ಯಾಂಗ ಬಂದಿ?”

“ಮೂವತ್ತು ಸೆಕೆಂಡ್ ತಗೊಂಡ್ನಿ ಅತ್ತಿ. ಬಂದ ಮಾರ್ಕ್ಸ್‌ನ ಸೆಕೆಂಡಿನಿಂದ ಭಾಗಿಸ್ತಾರ.”

“ಗೆದ್ದಾಂವ?”

“ಹತ್ತು ಸೆಕೆಂಡ್. ಅವನ ಅರ್ಧ ಗುಂಡು ಅಂಚಿಗೆ ಬಿದ್ದಿದ್ವು.”

“ಹಂಗಾರ ನೀನೂ ಲಗೂ ಹೊಡೀಬೇಕಿತ್ತು.”

“ಎರಡನೇ ಸುತ್ತಿನ್ಯಾಗ ಹೊಡದ್ನಿ. ಗುರಿಗಳ ನಡುವ ನಿಲ್ಲಿಸಿದ್ದ ಬಿಳಿ ರಟ್ಟಿನ ಮನಶ್ಯಾಗ ಬಡೀತು. ಅಂವಗ ಹೊಡೀಬಾರದು. ಹತ್ತು ಮಾರ್ಕ್ಸ್ ಹೋತು.”

“ಪಾಪ, ಅಂವ ಏನ್ ಮಾಡಿದ್ದ ನಿನಗ?”

“ರಟ್ಟು ಅತ್ತಿ ಅದು. ಇನ್ನೊಮ್ಮೆ ಹಿಂಗಾದ್ರ ಟೀಮಿನಿಂದ ನನ್ನ ತಗೀತಾರ.”

ಅಷ್ಟರಲ್ಲಿ ಬಸ್ಸೊಂದು ಬಂತು. ಮಂದಿ ಬಾಗಿಲಿಗೆ ಮುಗಿಬಿತ್ತು.

“ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡಿ.”

“ತಡಿ ಅತ್ತಿ, ಮೊದಲ ನೋಡತೇನಿ.”

“ನೋಡಕೋತ ನಿಂತ್ರ ಇಲ್ಲೂ ಕಡೀ ನಂಬರ್ ಬರ್ತಿ. ಕೊಡು ಇಲ್ಲಿ.”

ಇಂದ್ರವ್ವ ಟಾವೆಲ್ ಕಸಿದುಕೊಂಡು ಒಗೆದಳು. ಅದು ಮೂರನೇ ಕಿಡಕಿಯೊಳಗೆ ಹೋಗಿ ಸೀಟಿನ ಮೇಲೆ ಅಗಲವಾಗಿ ಹಾಸಿಕೊಂಡಿತು.

“ನೋಡಿದೇನ? ಒಂದ ಸೆಕೆಂಡ್. ನಟ್ಟನಡುವ.”

“ಖರೆ ಅತ್ತಿ. ಆದ್ರ ಇದು ಮುಧೋಳ ಬಸ್. ನಮ್ಮ ಮನಿ ಜಮಖಂಡ್ಯಾಗ ಐತಿ.”

ಇಂದ್ರವ್ವ ಬೋರ್ಡ್ ನೋಡಿದಳು. ಕಿಡಕಿಯಲ್ಲಿ ಟಾವೆಲ್ ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

“ಇಂಥಾ ಸೀಟ್ ಬಿಡಾಕ ಬರ್ತೈತೇನ? ನಡಿ, ಮುಧೋಳಕ್ಕ ಹೋಗೂಣು.”