ಜಾಗ ತೋರಿಸಿದ ವೆಬ್‌ಸೈಟ್

ಗಂಗಾವತಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರು ಶಾಲೆಯ ಟೀಚರು. ಇನ್ನೊಬ್ಬರು ಹನುಮನಹಳ್ಳಿಯ ಹೊಳಿಯಮ್ಮ, ಟೀಚರ ಬಳಿ ಓದುವ ಸಹನಾಳ ತಾಯಿ. ಮಾತು ತೆಗೆದವರು ಟೀಚರು.

“ಸಹನಾಗ ಒಂದು ಪ್ರಾಣಿ-ಪಕ್ಷಿ ವೆಬ್‌ಸೈಟ್ ಹೇಳಿದ್ದೆ. ನೋಡ್ತಾಳೇನ್ರಿ?”

“ಅದರ ಸುದ್ದಿ ಎತ್ತಬ್ಯಾಡ್ರಿ ಅಕ್ಕಾರ. ಹೇಸಿಗಿ ಬಂದೈತಿ.”

“ಯಾಕ್ರಿ ಹೊಳಿಯಮ್ಮ? ಮನಿಮಂದಿ ಎಲ್ಲಾ ಕುಂತು ನೋಡುವಂಥಾದ್ದು ಅದು. ಹೊಲಸು ಏನೂ ಇಲ್ಲ ಅದರಾಗ.”

“ನೋಡಿದ್ವಿರಿ. ನಮ್ಮತ್ತಿ ಸುದ್ದಾ ನೋಡಿದ್ರು. ಹೊಳಿ ದಂಡ್ಯಾಗ ಕಲ್ಲಿನ ಸಂದ್ಯಾಗ ನೀರನಾಯಿ ಮರಿ ಹಾಕಿತ್ತು. ಹುಡುಗಿ ಫೋಟೋ ತಗದು ಆ ವೆಬ್‌ಸೈಟಿಗೆ ಹಾಕಿದ್ಲು. ನಕಾಶಿದಾಗ ಜಾಗಾನೂ ಗುರ್ತು ಮಾಡಿದ್ಲು.”

“ಛಲೋ ಮಾಡ್ಯಾಳಲ್ಲ!”

“ಏನ್ ಛಲೋರಿ? ಅದನ್ನ ನೋಡಿ ಐತವಾರ ಕಾರಿನ್ಯಾಗ ಮಂದಿ ಬಂದ್ರು, ಕ್ಯಾಮೆರಾ ಹಿಡಕೊಂಡು. ಮರಿ ಹೊರಗ ಬರ್ಲಿ ಅಂತ ಸಂದ್ಯಾಗ ಕೋಲು ಹಾಕಿ ತಿವಿದ್ರು. ಕೋಳಿ ಎಲುಬು, ಬಾಟ್ಲಿ ಅಲ್ಲೇ ಒಗದು ಹೋದ್ರು. ಥೂ! ಮನಷ್ಯಾರೇನ್ರಿ ಅವರು?”

“ಮರಿ?”

“ಒಂದನ್ನ ತಾಯಿ ಬಾಯಾಗ ಕಚಗೊಂಡು ಹೋತು. ಇನ್ನೊಂದು ಅಲ್ಲೇ ಸತ್ತು ಬಿದ್ದಿತ್ತು. ‘ನಾನ ಜಾಗಾ ತೋರಿಸಿದೆ’ ಅಂತ ಹುಡುಗಿ ಅಳೋದು ಬಿಟ್ಟಿಲ್ಲ.”

ಟೀಚರು ಮೆಲ್ಲಗೆ ಅಂದರು:

“ಇನ್ನೊಂದು ವೆಬ್‌ಸೈಟ್ ಐತ್ರಿ. ಆಕಾಶದಾಗ ಯಾವ ಚುಕ್ಕಿ ಎಲ್ಲೈತಿ ಅಂತ ತೋರಸ್ತೈತಿ.”

ಆನೆಗೊಂದಿ ಬಸ್ಸು ಬಂತು. ಹೊಳಿಯಮ್ಮ ಚೀಲ ಎತ್ತಿಕೊಂಡು ಹೊರಟವರು ಮೆಟ್ಟಿಲ ಮೇಲಿಂದ ತಿರುಗಿದರು.

“ಅದನ್ನ ಹೇಳ್ರಿ ಹುಡುಗಿಗೆ. ಅಲ್ಲೀತನಕ ಆ ಹಲ್ಕಟ್‌ಗಳ ಕಾರು ಹೋಗಂಗಿಲ್ಲ.”