ಲೆಗಿಯಾಳ ಮದ್ದಳೆ

ದೀಪ ಸ್ವಲ್ಪ ಇಳಿಸಿ. ಹೂಂ... ಇದು ನನ್ನ ಚಿಕ್ಕಪ್ಪನ ಮಗ ತಾರ್ಜೊಗೆ ಆದದ್ದು. ಡಚ್ಚರ ಕಬ್ಬಿನ ಗದ್ದೆಯ ಬದುವಿನ ಮೇಲೆ, ಆ ದೊಡ್ಡ ಆಲದಮರದ ಕಡೆ, ಕತ್ತಲಲ್ಲಿ ಒಬ್ಬನೇ ಬರ್ತಿದ್ದ. ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಮದ್ದಳೆ. ತನ್ನದಲ್ಲ... ಸತ್ತವಳದ್ದು.

ಲೆಗಿಯಾಳದ್ದು. ನಮ್ಮ ಸೋಲೋ ಸೀಮೆಯಲ್ಲಿ ಹೆಂಗಸರು ಹಾಡಬಹುದು, ಕುಣಿಯಬಹುದು. ಆದರೆ ಕಂಚಿನ ಜಾಗಟೆಗಳ ಗಾಮೆಲಾನ್ ಮೇಳದಲ್ಲಿ ಮದ್ದಳೆ ಹೇಳಿದಂತೆ ಉಳಿದವರೆಲ್ಲ ಕೇಳಬೇಕು. ಅದಕ್ಕೇ ಅದು ಗಂಡಸರ ಸ್ವತ್ತು! ಇವಳು ಅಪ್ಪನ ಹತ್ತಿರ ಕಲಿತು, ಎಲ್ಲರೆದುರು ಕೂತು ಬಾರಿಸಿದ ಮೊದಲನೆಯವಳು. ದೊರೆಗಳ ಮನೆ ಮದುವೆಯಲ್ಲಿ ಮೇಳದಲ್ಲಿ ಕೂತಿದ್ದ ತಾರ್ಜೊ ಎದ್ದು ನಿಂತ.

"ಏನಮ್ಮಾ, ತೊಡೆ ಮೇಲೆ ಮದ್ದಳೆ ಇಟ್ಕೊಳ್ಳೋಕೆ ನಾಚಿಕೆ ಆಗಲ್ವಾ? ಹೆಂಗಸಿನ ತಾಳಕ್ಕೆ ನಾವು ಹೆಜ್ಜೆ ಹಾಕೋರಲ್ಲ."

"ಹಾಕ್ಬೇಡಿ ಅಣ್ಣಾ, ಎದ್ದು ಹೋಗಿ," ಅಂದಳು. "ನಂಗೂ ಕಾಲು ಚಾಚೋಕೆ ಜಾಗ ಆಗುತ್ತೆ."

ತಾರ್ಜೊ ಜೊತೆ ಮೇಳದ ಶೂರರೆಲ್ಲ ಎದ್ದು ಹೋದರು. ಅವಳೊಬ್ಬಳೇ ಬಾರಿಸಿದಳು. ಬೆಳಗಾಗೋವರೆಗೂ ಜನ ಕದಲಲಿಲ್ಲ. ಶೂರರಿಗೆ ಮದುವೆ ಊಟವೂ ತಪ್ಪಿತು.

ಆಮೇಲೆ ಜ್ವರ ಬಂದು ಅವಳು ಹೋದಳು. ಸತ್ತ ನಲವತ್ತನೇ ದಿನದ ಊಟಕ್ಕೆ ಈ ಮಹಾನುಭಾವ ತಾರ್ಜೊ ಹೋದ. ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು ತಿಂದ. ಕೈ ತೊಳೆದವನೇ ಅವಳ ಮುದಿ ತಾಯಿಗೆ, "ಅತ್ತೆ, ಇದ್ಯಾಕೆ ಇನ್ನು ನಿಮಗೆ? ಬಾರಿಸೋ ಗಂಡಸಿನ ಮನೇಲಿರಲಿ," ಅಂತ ಮದ್ದಳೆ ಹೊತ್ತು ಹೊರಟ. ಮುದುಕಿ "ಬೇಡಪ್ಪಾ... ಬೇಡಪ್ಪಾ..." ಅಂತ ಬಾಗಿಲವರೆಗೆ ಬಂದಳು. ತಿರುಗಿ ನೋಡಿದನಾ? ಎಲ್ಲಿ ನೋಡ್ತಾನೆ!

ಆಲದಮರದ ಕೆಳಗೆ ಬಂದ... ತಕ್.

ಬೆರಳ ತುದಿ ಒಣ ಚರ್ಮಕ್ಕೆ ತಾಗಿದ ಸದ್ದು. ನಿಂತ. ಸದ್ದೂ ನಿಂತಿತು. ಹೆಜ್ಜೆ ಇಟ್ಟ. ತಕ್... ಧಾ. ಇದು ಅಂಗೈ ಬಿದ್ದ ಸದ್ದು, ನೇರ ಬೆನ್ನೆಲುಬಿಗೆ. ಓಡಲು ನೋಡಿದ. ಕಾಲು ಏಳಲಿಲ್ಲ. ಪೆಟ್ಟು ಬಿದ್ದಾಗ ಮಾತ್ರ ಎದ್ದಿತು. ತಕ್, ಒಂದು ಹೆಜ್ಜೆ. ಧಾ... ಇನ್ನೊಂದು.

"ಯಾ... ಯಾರು?"

ಕಿವಿಯ ಹಿಂದೆಯೇ, ಮೆಲ್ಲಗೆ: "ಆತುರ ಮಾಡ್ಬೇಡ ಅಣ್ಣಾ. ನಿಂಗೆ ಯಾವತ್ತೂ ಅದೇ ರೋಗ."

"ತಪ್ಪಾಯ್ತು ತಾಯೀ... ಬಿಟ್ಬಿಡು..."

"ನೋಡು, ತಾಳ ತಪ್ತು. ಮೊದಲಿಂದ ನಡಿ."

ಬೆಳಗ್ಗೆ ಸಂತೆಗೆ ಬುಟ್ಟಿ ಹೊತ್ತು ಹೊರಟ ಹೆಂಗಸರು ನೋಡಿದರು. ಕಣ್ಣು ಮುಚ್ಚಿಕೊಂಡು ಆಲದ ಸುತ್ತ ಸುತ್ತುತ್ತಿದ್ದ. ಹಿಮ್ಮಡಿ ಹರಿದು ರಕ್ತ. ಅವರಿಗೆ ಯಾವ ಸದ್ದೂ ಕೇಳಿಸಲಿಲ್ಲವಂತೆ. ಬೆನ್ನಿಂದ ಮದ್ದಳೆ ಇಳಿಸಿದ ಮೇಲೇ ಆಸಾಮಿ ಕುಸಿದು ಬಿದ್ದ. ಅಂದಿನಿಂದ ಮೇಳದ ಕಡೆ ತಲೆ ಹಾಕಿಲ್ಲ. ಮೇಳಕ್ಕೇನೂ ನಷ್ಟವಾಗಲಿಲ್ಲ, ಬಿಡಿ.

ಮದ್ದಳೆ ವಾಪಸ್ ಕೊಡಲು ಹೋದವನು ನಾನು. ನಗಬೇಡಿ... ಆದದ್ದನ್ನೇ ಹೇಳ್ತಿದ್ದೀನಿ. ಮಂಜಿಗೆ ಬಟ್ಟೆ ತೊಯ್ದು ತೊಟ್ಟಿಕ್ಕುತ್ತಿತ್ತು. ತಾರ್ಜೊ ಹಾಕಿದ ಗಂಟು ಹಾಗೇ ಇತ್ತು. ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ಚಬೇಕಾಯ್ತು. ಮುದುಕಿಯ ಎದುರೇ ಮದ್ದಳೆಯ ಚರ್ಮದ ಮೇಲೆ ಕೈಯಿಟ್ಟೆ.

ಬೆಚ್ಚಗಿತ್ತು.