ಕರ್ನಲ್ ಮನೇಲಿ ಉಳಿದ ಡಬ್ಬಿ

ಅಲ್ಲ, ಕೆಲಸ ಬರಲ್ಲ ಅಂತ ನನ್ನನ್ನ ತೆಗೆದುಹಾಕಿದ್ದಲ್ಲ, ಮೊದಲು ಅದನ್ನ ತಿಳ್ಕೊಳ್ಳಿ. ವೀಣಾ ಬಂದವರ ಹತ್ರ ಎಲ್ಲಾ "ಅಮ್ಮನ್ನ ಆರ್ಮಿಯಿಂದ ಓಡಿಸ್ಬಿಟ್ಟಿದ್ರು" ಅಂತ ನಗ್ತಾ ಹೇಳ್ತಾಳಲ್ಲ, ಯಾರಿಂದಾಗಿ ಓಡಿಸಿದ್ರು ಅಂತ ಹೇಳ್ತಾಳಾ? ಹೇಳಲ್ಲ. ನಾನು ಹೇಳ್ತೀನಿ, ಬನ್ನಿ ಇಲ್ಲಿ ಮನೆ ಹಿಂದಿನ ಡೆಕ್ ಮೇಲೆ ಕೂತ್ಕೊಳ್ಳಿ. ತನ್ವಿ, ನೀನೊಂದು ಕಾರಣ. ನೀಲ್, ಆ ಟ್ಯಾಬ್ಲೆಟ್ ಕೆಳಗಿಡು, ನೀನಿನ್ನೊಂದು ಕಾರಣ. "ವಾಟ್ ಡಿಡ್ ಐ ಡೂ, ಅಜ್ಜಿ?" ಅಂತೆ! ಹುಟ್ಟಿದೆ ಕಣೋ, ಇನ್ನೇನು ಮಾಡ್ಬೇಕಿತ್ತು.

ನೋಡಿ, ನಾನು ಇಲ್ಲಿ ಅಮೆರಿಕದ ಆರ್ಮಿ ರಿಸರ್ವ್ ಸೇರಿದಾಗ ನನಗೆ ನಲವತ್ತಮೂರು. ಅಲ್ಲ, ನಲವತ್ತೆರಡು ತುಂಬಿ ನಲವತ್ತಮೂರು ನಡೀತಿತ್ತು. ರಿಸರ್ವ್ ಅಂದ್ರೆ ತಿಂಗಳಿಗೊಂದು ಶನಿವಾರ ಭಾನುವಾರ ಯೂನಿಫಾರ್ಮ್, ಬಾಕಿ ದಿನ ಇಲ್ಲೇ ಆಸ್ಪತ್ರೇಲಿ ನರ್ಸ್ ಕೆಲಸ. ಕ್ಯಾಪ್ಟನ್ ಆದೆ. ಕ್ಯಾಪ್ಟನ್ ಆದ್ಮೇಲೆ ಮೇಜರ್ ಆಗ್ಬೇಕು. ಒಂದು ಬೋರ್ಡ್ ಕೂತು ಫೈಲ್ ನೋಡತ್ತೆ. ಒಂದು ಸಲ ಹೆಸರು ಕೈಬಿಟ್ರೆ ಪರವಾಗಿಲ್ಲ, ಎರಡನೇ ಸಲಾನೂ ಬಿಟ್ರು ಅಂದ್ರೆ ಗಂಟುಮೂಟೆ ಕಟ್ಟು, ಮನೆಗೆ ನಡಿ. ಹದಿನೆಂಟು ವರ್ಷ ಆಗಿದ್ರೆ ಮಾತ್ರ ಇಪ್ಪತ್ತು ಮುಗಿಸೋಕೆ ಬಿಡ್ತಾರೆ, ಇಪ್ಪತ್ತು ಮುಗಿದ್ರೆ ಮರ್ಯಾದೆಯಾಗಿ ರಿಟೈರ್. ನನಗೆ ಕಾಗದ ಬಂದಾಗ ಎಷ್ಟಾಗಿತ್ತು ಗೊತ್ತಾ? ಹದಿನೇಳು ವರ್ಷ ಎಂಟು ತಿಂಗಳು! ಇನ್ನು ನಾಲ್ಕು ತಿಂಗಳು ಸುಮ್ಮನಿದ್ದಿದ್ರೆ ಯಾರೂ ನನ್ನನ್ನ ಮುಟ್ಟೋಹಾಗಿರ್ಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ, ಅದೇ.

ಆಯ್ತು, ಮೇಜರ್ ಯಾಕೆ ಮಾಡ್ಲಿಲ್ಲ? ಒಂದು ಕೋರ್ಸ್ ಬಾಕಿ ಇತ್ತು. ಕಂಪ್ಯೂಟರ್‌ನಲ್ಲಿ ಓದೋದೆಲ್ಲಾ ಮುಗಿಸಿದ್ದೆ, ಎರಡು ವಾರ ಅಲ್ಲೇ ಹೋಗಿ ಇದ್ದು ಮಾಡೋ ಭಾಗ ಮಾತ್ರ ಉಳಿದಿತ್ತು. ಕೋವಿಡ್ಡಿನ ಎರಡನೇ ವರ್ಷ ಅದಕ್ಕೆ ತಾರೀಕು ಬಂತು. ಸರಿಯಾಗಿ ಅದೇ ಹೊತ್ತಿಗೆ ಅಟ್ಲಾಂಟಾದಲ್ಲಿ ವೀಣಾಗೆ ಹೆರಿಗೆ, ಅಂದ್ರೆ ನೀನು, ತನ್ವಿ. ಮೈಸೂರಿಂದ ನಿನ್ನ ಆ ಅಜ್ಜಿ, ನಿಮ್ಮಪ್ಪನ ಅಮ್ಮ, ಬರೋಹಾಗಿಲ್ಲ, ವಿಮಾನ ಬಂದ್. ಚೊಚ್ಚಲ ಹೆರಿಗೆ, ಹೆತ್ತ ತಾಯಿ ನಾನು ಎಂಟು ಹತ್ತು ಗಂಟೆ ದೂರದಲ್ಲಿದ್ದು ಹೋಗ್ದೇ ಇರೋಕಾಗತ್ತಾ?

ನಮ್ಮ ಯೂನಿಟ್‌ಗೆ ಆಗ ಒಬ್ಬರು ಕರ್ನಲ್, ಆರಡಿ ಮೇಲಿನ ಮನುಷ್ಯ, ಮಾತು ನಿಧಾನ. ಹೋಗಿ ನಿಂತೆ. "ಸರ್, ಮಗಳ ಬಾಣಂತನ" ಅಂದೆ. ಬಾಣಂತನ ಅಂದ್ರೇನು ಅಂತ ಕೇಳಿದ್ರು. ಹೇಳ್ದೆ, ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕ್ಬೇಕು, ಪಥ್ಯದ ಅಡುಗೆ ಮಾಡ್ಬೇಕು, ಮಗೂನ ಕಾಲ ಮೇಲೆ ಮಲಗಿಸ್ಕೊಂಡು ಸ್ನಾನ ಮಾಡಿಸ್ಬೇಕು, ಮೂರು ತಿಂಗಳು. ಅವರು ಗಲ್ಲ ಕೆರ್ಕೊಂಡು, "ಕ್ಯಾಪ್ಟನ್, ಫ್ಯಾಮಿಲಿ ಫಸ್ಟ್. ನೀನು ಹೋಗು. ಕೋರ್ಸ್ ಮುಂದಕ್ಕೆ ಹಾಕ್ಸೋದು ನಾನು ನೋಡ್ಕೋತೀನಿ" ಅಂದ್ರು. ನಾನು ಏನು ಮಾಡ್ಬೇಕಿತ್ತು? "ಸರ್, ಅದನ್ನೇ ಬರೆದು ಕೊಡಿ" ಅನ್ಬೇಕಿತ್ತು. ಅನ್ಲಿಲ್ಲ. ದೊಡ್ಡ ಮನುಷ್ಯರು ಬಾಯ್ಬಿಟ್ಟು ಮಾತು ಕೊಟ್ಮೇಲೆ ಕಾಗದ ಕೇಳಿದ್ರೆ ಅವರನ್ನ ನಂಬಲ್ಲ ಅಂದ ಹಾಗಲ್ವಾ! ನನ್ನ ಬೆಳೆಸಿದ್ದೇ ಹಾಗೆ. ಕಾಗದದ ಬದಲು ನಾನೇನು ಮಾಡ್ದೆ? ವೀಣಾಗೆ ಅಂತ ಮಾಡಿದ್ದ ಅಂಟಿನುಂಡೆ ಒಂದು ಡಬ್ಬಿ ತುಂಬ ತಗೊಂಡು ಹೋಗಿ ಅವರ ಕೈಗೆ ಕೊಟ್ಟು ಬಂದೆ. ಸ್ಟೀಲ್ ಡಬ್ಬಿ, ನನ್ನ ಮದುವೇಲಿ ಕೊಟ್ಟ ಐದು ಡಬ್ಬಿ ಸೆಟ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು, ಮುಚ್ಚಳದ ಮೇಲೆ ಸರೋಜ ಅಂತ ಹೆಸರು ಕೆತ್ತಿಸಿದ್ದು. ಆ ಡಬ್ಬಿ ವಾಪಸ್ ಬರ್ಲೇ ಇಲ್ಲ. ಅದರ ಕಥೆ ಆಮೇಲೆ.

ಅಟ್ಲಾಂಟಾದಲ್ಲಿ ಒಂದು ದಿನ ನಿನ್ನ ತಲೆ ಒಣಗ್ಲಿ ಅಂತ ಸಾಮ್ರಾಣಿ ಹೊಗೆ ಹಾಕ್ದೆ ನೋಡು, ಸ್ಮೋಕ್ ಅಲಾರ್ಮ್ ಹೊಡ್ಕೊಂಡು ಇಡೀ ಅಪಾರ್ಟ್‌ಮೆಂಟ್ ಖಾಲಿ ಆಯ್ತು. ಫೈರ್ ಟ್ರಕ್ ಬಂತು. ನಿಮ್ಮಪ್ಪ ಟವೆಲ್ ಸುತ್ಕೊಂಡು ಕೆಳಗೆ ನಿಂತಿದ್ದ. ನಗ್ಬೇಡಿ. ಎಲ್ಲಿದ್ದೆ? ಹಾಂ, ಬೋರ್ಡ್. ಮೂರು ತಿಂಗಳು ಬಿಟ್ಟು ಬಂದು ನೋಡಿದ್ರೆ ಕೋರ್ಸ್ ಮುಂದಕ್ಕೂ ಹೋಗಿಲ್ಲ ಹಿಂದಕ್ಕೂ ಹೋಗಿಲ್ಲ, ಫೈಲ್‌ನಲ್ಲಿ "ಹಾಜರಾಗಿಲ್ಲ" ಅಂತ ಇದೆ! ಕರ್ನಲ್ ಅಷ್ಟು ಹೊತ್ತಿಗೆ ಬೇರೆ ಕಡೆ ಹೋಗಿ ರಿಟೈರೂ ಆಗಿಬಿಟ್ಟಿದ್ರು. ಬೋರ್ಡ್ ನನ್ನನ್ನ ಬಿಡ್ತು. ಒಂದು ಸಲ ಹೋಯ್ತು.

ಮಾರನೇ ವರ್ಷ ಮತ್ತೆ ತಾರೀಕು ಬಂತು. ಈ ಸಲ ಭೂಮಿ ಬಾಯ್ಬಿಟ್ರೂ ಹೋಗೋದೇ ಅಂದ್ಕೊಂಡು ಬ್ಯಾಗ್ ಕಟ್ಟಿಟ್ಟಿದ್ದೆ. ಷಾರ್ಲೆಟ್‌ನಿಂದ ಸ್ಮಿತಾ ಫೋನು. "ಅಮ್ಮಾ, ಬೇಬಿ ಮೂರು ವಾರ ಮುಂಚೇನೇ ಬರೋ ಹಾಗಿದೆ, ಆಪರೇಷನ್ ಮಾಡ್ತಾರಂತೆ, ಆದ್ರೆ ನೀನು ಬರಬೇಡ, ನಿನ್ನ ಕೋರ್ಸ್ ಇದೆ" ಅಂತಾಳೆ, ಅಳ್ತಾ! ನೀವೇ ಹೇಳಿ, ದೊಡ್ಡ ಮಗಳಿಗೆ ಬಾಣಂತನ ಮಾಡಿ ಚಿಕ್ಕವಳಿಗೆ ಮಾಡ್ದೇ ಬಿಟ್ರೆ ಸಾಯೋವರೆಗೂ ಆ ಮಾತು ಮನೇಲಿ ಉಳಿಯತ್ತೆ. ಹೊಸ ಕಮಾಂಡರ್‌ಗೆ ಅರ್ಜಿ ಹಾಕ್ದೆ, ಬುದ್ಧಿ ಬಂದಿತ್ತಲ್ಲ, ಬರವಣಿಗೇಲೇ ಹಾಕ್ದೆ. ಆ ಫಾರ್ಮ್‌ನಲ್ಲಿ ನಿನಗೆ ಹೆರಿಗೆನಾ ಅಂತ ಒಂದು ಚೌಕ ಇದೆ, ಹೆಂಡತಿಗಾ ಅಂತ ಒಂದು ಚೌಕ ಇದೆ. ಮಗಳಿಗೆ ಅಂತ ಚೌಕಾನೇ ಇಲ್ಲ! ಬೆಳೆದ ಮಗಳು ನಿನ್ನ ಜವಾಬ್ದಾರಿ ಅಲ್ಲ, ಅರ್ಜಿ ತಿರಸ್ಕರಿಸಿದೆ ಅಂತ ಬಂತು. ಮಗಳು ಜವಾಬ್ದಾರಿ ಅಲ್ವಂತೆ, ಕೇಳಿದ್ರಾ? ಬ್ಯಾಗ್ ಕಟ್ಟಿದ್ದೇ ಇತ್ತು, ಅದನ್ನೇ ಎತ್ಕೊಂಡು ಷಾರ್ಲೆಟ್‌ಗೆ ಹೋದೆ. ನೀಲ್, ಅಂಗೈಯಷ್ಟಿದ್ದೆ ಕಣೋ ನೀನು.

ಎರಡನೇ ಬೋರ್ಡೂ ಬಿಡ್ತು. ಡಿಸ್ಚಾರ್ಜ್ ಕಾಗದ ಬಂತು. ಯೂನಿಫಾರ್ಮ್ ಇಸ್ತ್ರಿ ಮಾಡಿ ಬೀರುನಲ್ಲಿಟ್ಟು ಬಾಗಿಲು ಹಾಕ್ದೆ. ಕೋವಿಡ್‌ನಲ್ಲಿ ಸತ್ತವರ ಕಣ್ಣು ಮುಚ್ಚಿದ ಕೈ ಇದು. ಮನೆಗೆ ನಡಿ ಅಂದ್ರೆ ಹೊಟ್ಟೆ ಉರಿಯಲ್ವಾ?

ಅಪೀಲ್ ಹಾಕ್ದೆ. ಆರ್ಮಿ ವಕೀಲ ಒಬ್ಬ ಸಿಕ್ಕಿದ, ನಮ್ಮ ಸ್ಮಿತಾಗಿಂತ ಚಿಕ್ಕವನು. "ಮ್ಯಾಮ್, ಎರಡನೇ ಸಲದ್ದು ನಿಮ್ಮದೇ ತಪ್ಪು, ಅದನ್ನ ಬಿಡಿ. ಮೊದಲನೇ ಸಲ ಕರ್ನಲ್ ಒಪ್ಪಿದ್ರು ಅಂತ ಪ್ರೂಫ್ ಆದ್ರೆ ಅದನ್ನ ಲೆಕ್ಕದಿಂದ ತೆಗೀತಾರೆ. ಒಂದೇ ಸಲ ತಪ್ಪಿದವರನ್ನ ಕಳಿಸೋಹಾಗಿಲ್ಲ. ಡಾಕ್ಯುಮೆಂಟ್ ಏನಿದೆ?" ಅಂದ. "ಅಂಟಿನುಂಡೆ ಕೊಟ್ಟಿದ್ದೆ" ಅಂದೆ. ಪಾಪ, ಬರ್ಕೊಂಡ!

ಕರ್ನಲ್ ಸೌತ್ ಕ್ಯಾರೊಲೈನಾದಲ್ಲಿ ಕೆರೆ ಪಕ್ಕ ಮನೆ ಮಾಡ್ಕೊಂಡಿದ್ರು. ಇಲ್ಲಿ ಜರ್ಮನ್‌ಟೌನ್‌ನಿಂದ ಬೆಳಗ್ಗೆ ಹೊರಟ್ವಿ, ನಿಮ್ಮ ತಾತ ಡ್ರೈವ್ ಮಾಡಿದ್ದು, ದಾರಿಯುದ್ದಕ್ಕೂ ಒಂದೇ ಮಾತು, "ಕಾಗದ ಕೇಳೋಕೆ ಹೋಗ್ತಿದ್ದೀಯೋ, ಡಬ್ಬಿ ಕೇಳೋಕೋ?" ಎರಡಕ್ಕೂ ಅಂದೆ. ಕರ್ನಲ್ ಕೂರಿಸಿ ಐಸ್ ಟೀ ಕೊಟ್ರು. ಎಲ್ಲಾ ಕೇಳಿಸ್ಕೊಂಡು ನೆಲ ನೋಡ್ತಾ, "ಕ್ಯಾಪ್ಟನ್, ಫ್ಯಾಮಿಲಿ ಫಸ್ಟ್ ಅಂದಿದ್ದು ನೆನಪಿದೆ. ಕೋರ್ಸ್ ನಾನು ನೋಡ್ಕೋತೀನಿ ಅಂದ್ನಾ? ನೆನಪಿಲ್ಲ. ನೆನಪಿಲ್ಲದ್ದಕ್ಕೆ ನಾನು ಸಹಿ ಹಾಕಲ್ಲ" ಅಂದ್ರು. ಸುಳ್ಳು ಹೇಳೋ ಮನುಷ್ಯ ಅಲ್ಲ, ಅದೇ ನನಗೆ ಕೋಪ. ಸುಳ್ಳನಾಗಿದ್ರೆ ಜಗಳ ಆಡಬಹುದಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಡಾರ್ಲೀನ್ ಒಳಗಿಂದ ಬಂದ್ರು. ಕೈಯಲ್ಲಿ ನನ್ನ ಡಬ್ಬಿ! ಅದರೊಳಗೇನಿತ್ತು ಗೊತ್ತಾ? ನಾಯಿ ಬಿಸ್ಕತ್ತು! ಬಾಣಂತಿಗೆ ಉಂಡೆ ತುಂಬಿದ ಡಬ್ಬಿಲಿ ನಾಯಿ ಬಿಸ್ಕತ್ತು ಕಣ್ರೋ. ನನ್ನ ಮುಖ ಹೇಗಾಯ್ತೋ, ತಾತ ನನ್ನ ಮೊಣಕೈ ಹಿಡ್ಕೊಂಡ್ರು. ಆ ಹೆಂಗಸು ಗಂಡನ ಕಡೆ ತಿರುಗಿ, "ಯಾಕ್ರೀ, ಈ ಡಬ್ಬಿ ತಂದ ಭಾನುವಾರ ನೀವೇ ಹೇಳಿದ್ರಲ್ಲ, ಅವಳನ್ನ ಮಗಳ ಹತ್ರ ಕಳಿಸಿದ್ದೀನಿ, ಸೋಮವಾರ ಹೋಗಿ ಅವಳ ಕೋರ್ಸ್ ಮುಂದಕ್ಕೆ ಹಾಕ್ಸಬೇಕು ಅಂತ? ಸೋಮವಾರ ಬೆಳಗ್ಗೆ ನಿಮಗೆ ಜ್ವರ ಬಂತು. ಕೋವಿಡ್. ಹದಿನೈದು ದಿನ ಎದ್ದೇ ಇಲ್ಲ" ಅಂದ್ರು. ಅಷ್ಟಾದ್ರೂ ಕರ್ನಲ್ "ಯೋಚನೆ ಮಾಡ್ತೀನಿ" ಅಂದ್ರು, ಅಷ್ಟೇ. ಸಹಿ ಹಾಕಿದ್ರೆ ತಾನು ಮರೆತೆ ಅಂತ ಒಪ್ಕೊಂಡ ಹಾಗಲ್ವಾ? ನಾವು ಎದ್ವಿ. ಡಾರ್ಲೀನ್ ಬಿಸ್ಕತ್ತೆಲ್ಲಾ ಸುರಿದು ಡಬ್ಬಿ ಕೊಡೋಕೆ ಬಂದ್ರು. ನಾನು ಮುಟ್ಲಿಲ್ಲ. "ನಮ್ಮಲ್ಲಿ ಖಾಲಿ ಡಬ್ಬಿ ವಾಪಸ್ ಕೊಡಲ್ಲ, ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡ್ತೀವಿ" ಅಂದುಬಿಟ್ಟೆ. ಕೋಪದಲ್ಲಿ ಅಂದಿದ್ದು, ಬೇಕೂಂತ್ಲೇ.

ಮೂರು ವಾರ ಆದ್ಮೇಲೆ ಒಂದು ಪಾರ್ಸಲ್ ಬಂತು. ನನ್ನ ಡಬ್ಬಿ, ತಿಕ್ಕಿ ತೊಳೆದು ಫಳಫಳ ಅಂತಿತ್ತು. ಮುಚ್ಚಳ ತೆಗೆದ್ರೆ ಒಂದು ಪೊಟ್ಟಣ ಸಕ್ಕರೆ, ಅದರ ಕೆಳಗೆ ಎರಡು ಹಾಳೆ ಕಾಗದ. "ಕ್ಯಾಪ್ಟನ್‌ಗೆ ನಾನು ಮಾತು ಕೊಟ್ಟೆ, ನಾನು ಮರೆತೆ, ತಪ್ಪು ಅವಳದ್ದಲ್ಲ." ಕೆಳಗೆ ಸಹಿ, ನೋಟರಿ ಸೀಲು. ಅತ್ತುಬಿಟ್ಟೆ ಕಣ್ರೋ, ಅಡುಗೆಮನೇಲಿ ನಿಂತು.

ಆಮೇಲೂ ಒಂದು ವರ್ಷದ ಮೇಲೆ ಕಾಯಿಸಿದ್ರು. ಕೊನೆಗೆ ಮೊದಲನೇ ಸಲದ್ದು ಲೆಕ್ಕಕ್ಕಿಲ್ಲ, ಡಿಸ್ಚಾರ್ಜ್ ರದ್ದು, ಹೊರಗಿದ್ದ ದಿನಾನೂ ಸರ್ವಿಸ್‌ಗೇ ಸೇರತ್ತೆ ಅಂತ ಬಂತು. ಹದಿನೆಂಟು ದಾಟಿತ್ತು, ಇನ್ನು ಯಾರೂ ಅಲ್ಲಾಡಿಸೋಹಾಗಿಲ್ಲ. ಮೇಜರ್ ಮಾಡಿದ್ರಾ ಅಂತ ಕೇಳ್ಬೇಡಿ. ಮಾಡ್ಲಿಲ್ಲ! ಆ ಹಾಳು ಕೋರ್ಸೂ ಮುಗಿಸಿದೆ, ಆದ್ರೂ ಮಾಡ್ಲಿಲ್ಲ. ಹೋಗ್ಲಿ, ಬರೋ ನವೆಂಬರ್‌ಗೆ ಇಪ್ಪತ್ತು ತುಂಬತ್ತೆ. ಸ್ಮಿತಾ ನೋಡಿದ್ರೆ ಅವಳಿಗೂ ನವೆಂಬರ್‌ಗೇ ಹೆರಿಗೆ ಡೇಟ್ ಕೊಟ್ಟಿದ್ದಾರೆ ಅಂತಾಳೆ! ಈ ಸಲ ಯೂನಿಟ್‌ಗೆ ಈಗಲೇ ರಜೆಗೆ ಬರೆದು ಹಾಕಿ, ಒಪ್ಪಿದ್ದೀವಿ ಅಂತ ಸಹಿ ತಗೊಂಡು ಮೂರು ಕಾಪಿ ಇಟ್ಕೊಂಡಿದ್ದೀನಿ. ಎಲ್ಲಿ ಅಂತೀರಾ? ಅದೇ ಡಬ್ಬಿಲಿ. ಅದಕ್ಕೇ ಹೇಳೋದು, ಎಂಥ ದೊಡ್ಡ ಮನುಷ್ಯರು ಹೂಂ ಅಂದ್ರೂ ಬರೆಸ್ಕೊಳ್ಳಿ. ಮತ್ತೆ ಯಾರ ಮನೆ ಡಬ್ಬಿನೂ ಖಾಲಿ ವಾಪಸ್ ಕೊಡ್ಬೇಡಿ. ಏಳಿ, ಕೈ ತೊಳ್ಕೊಳ್ಳಿ, ಊಟ ಆರತ್ತೆ.